ಗುರುಬಸಮ್ಮನ ಹಿತ್ತಲಿನ ಹನ್ನೆರಡು ಹೂವು

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಎರ್ರಿಸ್ವಾಮಿಯ ಫೋಟೋ ಸ್ಟುಡಿಯೋ ಎಲ್ಲಿದೆ ಎಂದು ಯಾರಾದರೂ ಕೇಳಿದರೆ, ದಾರಿ ತೋರಿಸುವ ಮೊದಲು ಜನ ಮೋರೆ ಸಣ್ಣಗೆ ಮಾಡಿಕೊಂಡು, "ಯಾರು ತೀರಿಕೆಂಡ್ರು, ಪಾಪ?" ಎಂದು ಕೇಳುತ್ತಿದ್ದರು. ಆತನ ಹೆಸರು ಅಷ್ಟು ಪಕ್ಕಾ ಆಗಿಹೋಗಿತ್ತು.

ಇದು ಎಪ್ಪತ್ತನಾಲ್ಕನೇ ಇಸವಿಯ ಮಾತು. ಕ್ಯಾಮೆರಾದ ಮುಂದೆ ನಿಂತರೆ ಆಯುಷ್ಯ ಸವೆಯುತ್ತದೆ ಎಂದು ನಂಬಿದ ಹಿರಿಯರು ಆಗಿನ್ನೂ ಊರೂರಲ್ಲಿ ಇದ್ದರು. ಬದುಕಿರುವಷ್ಟು ದಿನ ಅವರು ಒಂದು ಫೋಟೋಕ್ಕೂ ಒಪ್ಪುತ್ತಿರಲಿಲ್ಲ. ಕಣ್ಣು ಮುಚ್ಚಿದ ಮೇಲೆ ಮನೆಯವರಿಗೆ ದಿಗಿಲು ಹತ್ತುತ್ತಿತ್ತು, ನಾಳೆಯಿಂದ ಈ ಮುಖ ಎಲ್ಲಿ ನೋಡುವುದು ಅಂತ. ಆಗ ಸೈಕಲ್ ಮೇಲೆ ಯಾರಾದರೂ ಬ್ರೂಸ್‌ಪೇಟೆಗೆ ಓಡಿಬರುತ್ತಿದ್ದರು. ಬೇರೆ ಸ್ಟುಡಿಯೋದವರು ಹೊಟ್ಟೆನೋವು, ಹಲ್ಲುನೋವು ಎಂದು ನೆವ ಹೇಳಿದರೆ ಎರ್ರಿಸ್ವಾಮಿ ಮಾತ್ರ ಇಲ್ಲ ಅಂದವನಲ್ಲ. ಹೀಗೆ ಕರೆಯಲು ಬರುವವರು ಹೆಚ್ಚಾಗಿ ಲಿಂಗಾಯತರು; ಅವನೂ ಅವರ ಪೈಕಿಯವನೇ, ಇಷ್ಟಲಿಂಗ ಕಟ್ಟಿದ ಮನೆಯವನು. ಆ ಮನೆಗಳಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸಿ, ಹಣೆ ತುಂಬ ವಿಭೂತಿ ಇಟ್ಟು, ಕುತ್ತಿಗೆಯ ತನಕ ಹೂವು ಏರಿಸುತ್ತಾರೆ. ಎರ್ರಿಸ್ವಾಮಿ ಹೋಗಿ ಗದ್ದ ಒಂದಿಷ್ಟು ಎತ್ತಿ, ಪೇಟ ನೆಟ್ಟಗೆ ಮಾಡಿ, ಬಾಗಿಲಿನ ಬೆಳಕು ಮುಖಕ್ಕೆ ಬೀಳುವ ತನಕ ಕಾಯ್ದು ಬಟನ್ ಒತ್ತುತ್ತಿದ್ದ. ಫೋಟೋ ನೋಡಿದವರು, ಇನ್ನೇನು ಚಾ ಕೇಳಿಬಿಡ್ತಾರೆ ಅನ್ನಬೇಕು, ಹಾಗಿರುತ್ತಿತ್ತು.

ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಅವನಿಗೆ ಸಿಕ್ಕ ಬಿರುದು 'ಹೆಣದ ಫೋಟೋದ ಸ್ವಾಮಿ'. ಈ ಬಿರುದು ಹೊತ್ತವನನ್ನು ಮದುವೆಗೆ ಯಾರು ಕರೆಯುತ್ತಾರೆ? ಹಲಕುಂದಿಯಲ್ಲಿ ಸ್ವಂತ ಹೆಂಡತಿ ಕೊಟ್ರಮ್ಮನ ತಮ್ಮನ ಮದುವೆಗೆ ಹೋದಾಗಲೂ ಬಾಗಿಲಲ್ಲೇ ಒಬ್ಬರು ನಯವಾಗಿ, "ಮಾವಾರ, ಇವತ್ತು ನೀವು ಆರಾಮ ಕುಂದರ್ರಿ. ಕ್ಯಾಮೆರಾ ಚೀಲ ಒಳಗಿಡ್ರಿ" ಅಂದರು. ಬೇರೆ ಯಾವನೋ ಬಂದು ಮದುಮಕ್ಕಳನ್ನು ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಿ, ಇಬ್ಬರ ಮೋರೆಯನ್ನೂ ಕಪ್ಪು ಮಾಡಿ ತೆಗೆಯುತ್ತಿದ್ದುದನ್ನು ನೋಡುತ್ತ ಎರ್ರಿಸ್ವಾಮಿ ಎರಡು ಹೋಳಿಗೆ ತಿಂದ.

ಸ್ಟುಡಿಯೋಕ್ಕೆ ಬರುವ ಬದುಕಿದವರಿಗೂ ಅವನ ಅಭ್ಯಾಸ ಬಿಟ್ಟಿರಲಿಲ್ಲ. "ಅಳ್ಳಾಡಬ್ಯಾಡ್ರಿ. ಉಸಿರು ಹಿಡೀರಿ" ಎಂದು ಗದರುತ್ತಿದ್ದ. ಪರೀಕ್ಷೆಯ ಅರ್ಜಿಗೆ ಫೋಟೋ ತೆಗೆಸಿದ ಹುಡುಗರೂ ಚಿತ್ರದಲ್ಲಿ ವಿಭೂತಿ ಒಂದು ಇಲ್ಲ ಅನ್ನುವ ಹಾಗೆ ಬರುತ್ತಿದ್ದರು.

ಇಂಥವನ ಬಳಿಗೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಕೊಟ್ಟೂರಪ್ಪ ಮೇಷ್ಟ್ರು ಬಂದಿದ್ದು ಪುಣ್ಯ ಅನ್ನಬೇಕು. ಅವರು ನಮ್ಮ ಸೀಮೆಯ ಪೂಜೆಯ ಹೂಗಳ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕ ಬರೆದಿದ್ದರು. ಅದಕ್ಕೆ ಹನ್ನೆರಡು ಹೂವಿನ ಫೋಟೋ ಬೇಕಿತ್ತು. "ಒಳಗಿನ ಪುಟದಾಗ ನಿಮ್ಮ ಹೆಸರು ಹಾಕಸ್ತೀನಿ" ಅಂದರು. ಆ ಮಾತು ಕೇಳಿ ಎರ್ರಿಸ್ವಾಮಿಗೆ ಆ ದಿನವೆಲ್ಲ ನೆಲ ಕಾಣಲಿಲ್ಲ. ಹೂವಿನ ಫೋಟೋ ತೆಗೆದವನು ಅಂತ ಅಚ್ಚಾದರೆ ಆ ಹಾಳು ಬಿರುದು ತೊಲಗೀತು, ನಾಲ್ಕು ಜನ ಮದುವೆಗೆ ಕರೆದಾರು ಎಂದು ಹೆಂಡತಿಯ ಮುಂದೆ ಬಾಯಿಬಿಟ್ಟು ಹೇಳಿಕೊಂಡ.

ಮೊದಲನೇ ರೀಲಿನಲ್ಲೇ ಎಡವಿದ. ಮಾರ್ಕೆಟ್ಟಿನಿಂದ ಹೂವು ತಂದು, ಸ್ಟುಡಿಯೋದ ಹಿಂದಿನ ಅಂಗಳದಲ್ಲಿ ಕಪ್ಪು ಬಟ್ಟೆ ಹಾಸಿ, ಒಂದೊಂದನ್ನೂ ಗದ್ದ ಎತ್ತಿದಂತೆ ಎತ್ತಿ ಆನಿಸಿ ಕೂರಿಸಿ ತೆಗೆದಿದ್ದ. ಮೇಷ್ಟ್ರು ಫೋಟೋಗಳನ್ನು ಒಂದೊಂದಾಗಿ ನೋಡಿ ಮೇಜಿನ ಮೇಲಿಟ್ಟರು.

"ಎರ್ರಿಸ್ವಾಮಿ, ಇವು ಸತ್ತ ಹೂವು ರೀ. ನನಗ ಗಿಡದಾಗ ಇರೋದು ಬೇಕು, ಜೀವ ಇರೋದು."

ಅವರೇನು ಚುಚ್ಚಬೇಕು ಅಂತ ಹೇಳಿದ್ದಲ್ಲ. ಆದರೂ ಚುಚ್ಚಬೇಕಾದ ಕಡೆಗೇ ಚುಚ್ಚಿತು.

ಎರಡನೇ ರೀಲಿಗೆ ಮೇಷ್ಟ್ರು ತಮ್ಮದೇ ಕ್ಯಾಮೆರಾ ಕೊಟ್ಟರು. ಮುಂಬಯಿಯಿಂದ ತರಿಸಿದ್ದು, ಕಣ್ಣಿಗೆ ಹಿಡಿದು ನೋಡುವಂಥದ್ದು. ಅದರ ಮೂತಿಗೆ ಒಂದು ಗಾಜು ತಿರುಗಿಸಿ ಹಾಕಿದರೆ ಹೂವಿಗೆ ಒಂದು ಗೇಣು ಹತ್ತಿರ ಹೋಗಬಹುದಿತ್ತು. ಎರ್ರಿಸ್ವಾಮಿ ಊರ ಹೊರಗಿನ ಹೊಲಗಳಲ್ಲಿ ಮಟಮಟ ಮಧ್ಯಾಹ್ನ ತಿರುಗಿದ. ಸ್ಟುಡಿಯೋದ ಮರದ ಸ್ಟ್ಯಾಂಡು ಎದೆಯೆತ್ತರದ್ದು, ತುಂಬೆಗಿಡ ಮೊಣಕಾಲಿಗೂ ಬಾರದ್ದು. ಕೈಯಲ್ಲೇ ಹಿಡಿದು ತೆಗೆದ. ಗಾಳಿ ಅಲ್ಲಾಡಿಸಿದ್ದು ಒಂದು ಕಡೆ, ಕೈ ಅಲ್ಲಾಡಿದ್ದು ಇನ್ನೊಂದು ಕಡೆ. ಬಿಳಿ ಹೂವೆಲ್ಲ ಬಿಸಿಲಿಗೆ ಸುಣ್ಣದ ಉಂಡೆಯಾಗಿ ಬಂದವು. ಮೇಷ್ಟ್ರು ಈ ಸಲ ನಕ್ಕುಬಿಟ್ಟರು.

"ಹೂವಂತ ಗೊತ್ತಾಕೈತಿ ನೋಡ್ರಿ. ಯಾವ ಹೂವಂತ ಗೊತ್ತಾಗಂಗಿಲ್ಲ."

ನಗು ನಿಲ್ಲಿಸಿ ಮೂರನೇ ರೀಲು ಕೈಗಿಟ್ಟರು. ಕಾರ್ತಿಕ ಅಮಾವಾಸ್ಯೆಯ ಒಳಗೆ ಚಿತ್ರಗಳು ಬೆಂಗಳೂರಿನ ಪ್ರೆಸ್ಸಿಗೆ ಹೋಗಬೇಕಿತ್ತು. ಇದೂ ಕೆಟ್ಟರೆ ಧಾರವಾಡದ ಸ್ನೇಹಿತರೊಬ್ಬರಿಂದ ತೆಗೆಸುತ್ತೇನೆ, ಬೇಜಾರು ಮಾಡ್ಕೋಬೇಡಿ ಎಂದರು. ಹೋಗುವಾಗ ಇನ್ನೊಂದು ಮಾತು ಹೇಳಿದರು. "ಕುರುಗೋಡಿನಾಗ ಗುರುಬಸಮ್ಮ ಅಂತ ಒಬ್ಬ ಅಜ್ಜಿ ಅದಾರ. ನನ್ನ ಹನ್ನೆರಡೂ ಹೂವು ಅವರ ಹಿತ್ತಲದಾಗ ಅದಾವು. ಆದರ ಬಾಯಿ ಜೋರು. ನನ್ನ ಒಳಗ ಬಿಡಲಿಲ್ಲ, ಗ್ವಾಡಿ ಮ್ಯಾಲಿಂದ ನೋಡಿ ಬಂದೀನಿ."

ಕುರುಗೋಡು ಬಳ್ಳಾರಿಯಿಂದ ಬಸ್ಸಿನಲ್ಲಿ ಒಂದು ತಾಸು. ಎರ್ರಿಸ್ವಾಮಿ ಮೊದಲನೇ ಬಸ್ಸಿಗೆ ಹೋಗಿ, ಕೇಳಿಕೊಂಡು ಆ ಮನೆ ಮುಟ್ಟುವ ಹೊತ್ತಿಗೆ ಬಿಸಿಲು ಆಗಷ್ಟೇ ಬಿದ್ದಿತ್ತು. ಹಿತ್ತಲಲ್ಲಿ ನೋಡಿದರೆ ಒಂದು ಗಿಡದಲ್ಲೂ ಒಂದು ಹೂವಿಲ್ಲ. ಬರೀ ಎಲೆ. ಎಪ್ಪತ್ತರ ಹತ್ತಿರದ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಬುಟ್ಟಿ ತುಂಬ ಹೂವು ಹಿಡಿದು ನಿಂತಿದ್ದಳು.

"ಯಾರಪ್ಪಾ ನೀನು? ಏನು ಬೇಕಾಗಿತ್ತು?"

ಎರ್ರಿಸ್ವಾಮಿ ಬಂದ ಕಾರಣ ಹೇಳಿದ. ಗುರುಬಸಮ್ಮ ಬುಟ್ಟಿಯ ಮೇಲೆ ಸೆರಗು ಮುಚ್ಚಿದಳು.

"ಇವು ದೊಡ್ಡಬಸವಣ್ಣಗ ಹೋಗೋ ಹೂವು. ಬೆಳಕು ಹರಿಯೋದ್ರಾಗ ಹರೀತೀನಿ. ಸೂರ್ಯ ನೋಡಿದ ಮ್ಯಾಲೆ ಹರಿಯಂಗಿಲ್ಲ. ಫೋಟೋ ತೆಗ್ಯಾಕ ಮೂತಿ ಹತ್ರ ತರ್ತಿ, ಮೂಸ್ತಿ. ಮೂಸಿದ ಹೂವು ದೇವರಿಗೆ ನಡಿಯಂಗಿಲ್ಲ, ನಡಿ."

"ಮೂಸಂಗಿಲ್ಲ ಅವ್ವಾರ. ನಿಮ್ಮಾಣೆ."

"ನನ್ನಾಣೆ ಯಾಕ ಹಾಕ್ತಿ? ಮೂಗು ನಿಂದಲ್ಲೇನು?"

ಅವನು ಅಲ್ಲಿಂದ ಕದಲಲಿಲ್ಲ. ಹೆಣ ಕಾಯ್ದು ಕಾಯ್ದು ಕಲಿತ ತಾಳ್ಮೆ ಅದು. ಗುರುಬಸಮ್ಮ ದೇವಸ್ಥಾನಕ್ಕೆ ಹೋಗಿ ತಿರುಗಿ ಬಂದರೂ ಆಸಾಮಿ ಬೇವಿನ ಮರದ ಕೆಳಗೇ ಕೂತಿದ್ದ. ಆಕೆ ಸೊಂಟದ ಮೇಲೆ ಕೈಯಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಎಂಥಾ ಫೋಟೋ ತೆಗೀತಿ ನೀನು?"

ಎರ್ರಿಸ್ವಾಮಿ ಲೆಕ್ಕ ಹಾಕಿದ. ದೇವರ ಹೂವಿಗೆ ಮೂಗಿನ ಗಾಳಿಯನ್ನೂ ತಾಗಿಸದ ಈ ಹೆಂಗಸಿಗೆ, ನಿನ್ನೆ ಸಂಜೆ ಕೌಲ್‌ಬಜಾರಿನಲ್ಲಿ ಒಬ್ಬ ಮುದುಕರ ತಣ್ಣಗಾದ ಗದ್ದ ಎತ್ತಿ ಕೂರಿಸಿದ ಕೈ ಇದು ಅಂತ ಹೇಳಿದರೆ ಮುಗಿಯಿತು.

"ಮದಿವಿ, ತೊಟ್ಲು, ಇಂಥಾವು ರೀ" ಅಂದ.

ಸುಳ್ಳು ಹೇಳಿ, ಕಣ್ಣು ತಪ್ಪಿಸಿ, ಕ್ಯಾಮೆರಾ ಚೀಲದ ಪಟ್ಟಿ ಬಿಗಿ ಮಾಡಿದ.

ಗುರುಬಸಮ್ಮ ಕಟ್ಟಳೆ ಹೇಳಿದಳು. ಸ್ನಾನ ಮಾಡಿ ಬರಬೇಕು. ಬರಿಗಾಲಲ್ಲಿ ಬರಬೇಕು. ಮೂಗು ಬಾಯಿಗೆ ಟವಲು ಕಟ್ಟಬೇಕು. ಹೂವು ಮುಟ್ಟಬಾರದು. ಅವಳು ಎಲ್ಲ ಗಿಡಗಳ ಹೂವು ಹರಿದು, ದಿನಕ್ಕೆ ಒಂದು ಗಿಡ ಮಾತ್ರ ಕಡೆಗೆ ಉಳಿಸಿಕೊಳ್ಳುತ್ತಾಳೆ. ಅವಳು ಬುಟ್ಟಿ ತುಂಬಿ ಅಲ್ಲಿಗೆ ಬರುವಷ್ಟರಲ್ಲಿ ಅವನ ಕೆಲಸ ಮುಗಿಯಬೇಕು. "ಟವಲು ಕಟ್ಟಿದ್ರೂ ಹತ್ರ ಹೋದಾಗ ಉಸಿರು ಬಿಡಬ್ಯಾಡ. ನಾ ನೋಡ್ಕೊಂತ ಇರ್ತೀನಿ."

ಹಾಗಾಗಿ ಎರ್ರಿಸ್ವಾಮಿ ದಿನಾ ಸಂಜೆಯ ಬಸ್ಸಿಗೆ ಕುರುಗೋಡಿಗೆ ಹೋಗಿ, ಮಠದ ಜಗುಲಿಯಲ್ಲಿ ಮಲಗಿ, ಬೆಳಿಗ್ಗೆ ಬಾವಿಯ ತಣ್ಣೀರು ಸುರಿದುಕೊಂಡು ಹಲ್ಲು ಕಟಕಟ ಅನ್ನಿಸುತ್ತ ಹಿತ್ತಲಿಗೆ ಬರತೊಡಗಿದ. ಕಾರ್ತಿಕದ ಚಳಿ. ಮೂಗಿಗೆ ಟವಲು. ನೋಡಿದವರು ಕಳ್ಳ ಅನ್ನಬೇಕು.

ಮೊದಲ ದಿನ ಕಣಗಿಲೆ. ಅವನು ಅಭ್ಯಾಸದಂತೆ ನಿಂತೇ ಬಗ್ಗಿದ. ಹಿಂದಿನಿಂದ ಗುರುಬಸಮ್ಮನ ದನಿ ಬಂತು. "ನಿಂತ್ಕೊಂಡು ಅದರ ನೆತ್ತಿ ನೋಡ್ತಿಯಲ್ಲ! ಕುಂದ್ರು, ಮಾರಿ ನೋಡು." ಅವನು ಕುಕ್ಕರುಗಾಲಲ್ಲಿ ಕೂತ. ಹೂವು ಈಗ ಅವನ ಕಣ್ಣಿಗೆ ಸಮನಾಗಿ ಬಂತು. ಮೊಣಕೈ ತಾನಾಗಿ ಮೊಣಕಾಲಿನ ಮೇಲೆ ಊರಿತು. ಎಸಳಿನ ಮೇಲೆ ಬೇವಿನ ಒಣ ಎಲೆಯೊಂದು ಬಿದ್ದಿತ್ತು. ಕಟ್ಟಳೆ ಮರೆತು, ಎರಡು ಬೆರಳಲ್ಲಿ ಅದನ್ನು ಮೆಲ್ಲಗೆ ಎತ್ತಿ, ಎಸೆಯದೆ ಗಿಡದ ಬುಡದಲ್ಲಿಟ್ಟ. ಮುಟ್ಟಿಬಿಟ್ಟೆ, ಈಗ ಬೈಗುಳ ಬರುತ್ತದೆ ಅಂತ ಕಾಯ್ದ. ಯಾಕೋ ಏನೋ, ಗುರುಬಸಮ್ಮ ಏನೂ ಅನ್ನಲಿಲ್ಲ. ಸುಮ್ಮನೆ ಅವನ ಕೈಯನ್ನೇ ನೋಡುತ್ತ ನಿಂತಿದ್ದಳು.

ಉಸಿರು ಹಿಡಿದ. ಆಗಲೇ ಅವನಿಗೆ ಗೊತ್ತಾಗಿದ್ದು. ಉಸಿರು ಹಿಡಿದ ಕೂಡಲೇ ಕ್ಯಾಮೆರಾದ ಕಿಟಕಿಯಲ್ಲಿ ಕುಣಿಯುತ್ತಿದ್ದ ಹೂವು ನಿಂತಿತು. ಇಷ್ಟು ವರ್ಷ ಎದುರಿನವರಿಗೆ ಉಸಿರು ಹಿಡೀರಿ ಎಂದು ಗದರಿದವನು ತಾನು ಒಂದು ದಿನವೂ ಹಿಡಿದಿರಲಿಲ್ಲ. ಸ್ಟ್ಯಾಂಡಿನ ಮೇಲಿನ ಕ್ಯಾಮೆರಾಕ್ಕೆ ಅದು ಬೇಕಾಗಿರಲಿಲ್ಲ. ಹೊರಗೆ, ಬರಿಗೈಯಲ್ಲಿ, ಅಲ್ಲಾಡುತ್ತಿದ್ದುದು ಅರ್ಧ ಗಾಳಿಯಾದರೆ ಅರ್ಧ ಅವನೇ. ಅವನು ಬಟನ್ ಒತ್ತಿ, ಹಿಂದೆ ಸರಿದು, ಟವಲು ಬಿಚ್ಚಿ, ಬಾವಿಯಿಂದ ಮೇಲೆ ಬಂದವನಂತೆ ಉಸಿರು ಎಳೆದುಕೊಂಡ. ಗುರುಬಸಮ್ಮ ನಕ್ಕಳು. ಆಕೆ ನಕ್ಕಿದ್ದನ್ನು ಅವನು ನೋಡಿದ್ದು ಅದೇ ಮೊದಲು.

ಆಮೇಲಿನ ದಿನಗಳಲ್ಲಿ ಅವನು ಆ ಹಿತ್ತಲಲ್ಲಿ ಕಲಿತದ್ದು ಒಂದೆರಡಲ್ಲ. ಸೂರ್ಯ ಏಳುವ ಮುಂಚಿನ ಬೆಳಕಿಗೆ ನೆರಳಿಲ್ಲ, ತುಂಬೆಯ ಬಿಳಿಯಲ್ಲೂ ಮಡಿಕೆ ಮಡಿಕೆಯಾಗಿ ಎಸಳು ಕಾಣುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಡಲಿಲ್ಲ. ಅಜ್ಜಿ ಬೇರೆ ಹೊತ್ತಿಗೆ ಒಳಗೇ ಬಿಡದಿದ್ದುದರಿಂದ ಅವನು ಅದೇ ಬೆಳಕಿನಲ್ಲಿ ತೆಗೆಯಬೇಕಾಯಿತು, ಅಷ್ಟೇ. ಗುಡ್ಡದ ಅಂಚು ಕೆಂಪಾಗುವಾಗ ಗಾಳಿ ಸ್ವಲ್ಪ ಹೊತ್ತು ನಿಲ್ಲುತ್ತದೆ ಅಂತ ತೋರಿಸಿಕೊಟ್ಟವಳು ಗುರುಬಸಮ್ಮ. "ಬೇವಿನ ತುದಿ ನೋಡು. ಅದು ನಿಂತ ಮ್ಯಾಲೆ ಇವು ನಿಲ್ಲತಾವ. ಗಾಳಿ ಇದ್ರ ನನಗೂ ಹರಿಯಾಕ ಬರಂಗಿಲ್ಲ, ತೊಟ್ಟು ಸೀಳ್ತೈತಿ." ನಂದಿಬಟ್ಟಲಿನ ಬಿಳಿ ಹೂವು ಎಲೆಗಳ ಗದ್ದಲದಲ್ಲಿ ಕಳೆದುಹೋಗುತ್ತಿದ್ದಾಗ, ಈ ಕಡೆ ಬಂದು ನೋಡು ಎಂದು ಅವನನ್ನು ಬಚ್ಚಲ ಗೋಡೆಗೆ ಎದುರಾಗಿ ಕೂರಿಸಿದಳು. ನೀರೊಲೆಯ ಹೊಗೆ ಕುಡಿದು ಕುಡಿದು ಕಪ್ಪಾದ ಗೋಡೆ. ಅದರ ಮುಂದೆ ಹೂವೊಂದೇ ನಿಂತಿತು. ಗಿಡದಿಂದ ಒಂದು ಎಲೆಯನ್ನೂ ಕೀಳಬೇಕಾಗಲಿಲ್ಲ.

"ನಿಮಗ ಇದೆಲ್ಲ ಹೆಂಗ ಗೊತ್ತಾತು ಅವ್ವಾರ?" ಎಂದು ಕೇಳಿದ.

"ಯಾವ ಹೂವು ಚಲೋ ಐತಿ ಅಂತ ಮಬ್ಬಿನಾಗ ನಾ ಹೆಂಗ ನೋಡ್ಲಿ ಮತ್ತ? ಕರೀ ಗ್ವಾಡಿ ಇದ್ದಲ್ಲಿ ನೋಡ್ತೀನಿ."

ಸೇವಂತಿ, ದಾಸವಾಳ, ಎಕ್ಕ, ಶಂಖಪುಷ್ಪ, ಕಾಕಡ. ಹೀಗೆ ಹತ್ತು ಹೂವು ಮುಗಿದವು. ರೀಲು ಕ್ಯಾಮೆರಾದೊಳಗೇ ಇದ್ದುದರಿಂದ ಚೆನ್ನಾಗಿ ಬಂದವೋ ಇಲ್ಲವೋ ನೋಡುವ ಹಾಗಿರಲಿಲ್ಲ. ಆದರೂ ಎರ್ರಿಸ್ವಾಮಿಗೆ ಒಂದು ಹೊಸ ಖುಷಿ ಹತ್ತಿತ್ತು. ಕೆಲಸ ಮುಗಿದ ಮೇಲೆ ಗುರುಬಸಮ್ಮ ಬಿಸಿ ಬಿಸಿ ಜೋಳದ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಕೊಡುತ್ತಿದ್ದಳು. ಹೂವಿನ ನಡುವೆ ಕೂತು ರೊಟ್ಟಿ ತಿನ್ನುವಾಗ, ಇಪ್ಪತ್ತು ವರ್ಷದಲ್ಲಿ ತಾನು ಹೋದವರ ಮೈಮೇಲೆ ಇಷ್ಟು ಹೂವು ನೋಡಿದ್ದೇನೆ, ಗಿಡದ ಮೇಲೆ ಒಂದನ್ನೂ ನೋಡಿರಲಿಲ್ಲವಲ್ಲ ಅನ್ನಿಸುತ್ತಿತ್ತು.

ಹನ್ನೊಂದನೇ ದಿನ ಚೆಂಡುಹೂವು. ಕೆಲಸ ಮುಗಿಸಿ ಅವನು ಏಳುವಷ್ಟರಲ್ಲಿ ಹಿತ್ತಲ ಗೋಡೆಯಾಚೆ ಒಂದು ತಲೆ ಕಾಣಿಸಿತು. ಹುಲುಗಪ್ಪ. ಕುರುಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಚಹಾದ ಹೋಟೆಲು ಇಟ್ಟವನು. ಅವನ ಅಪ್ಪ ಬಳ್ಳಾರಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಎರ್ರಿಸ್ವಾಮಿಯೇ ಫೋಟೋ ತೆಗೆದಿದ್ದ. ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದವನು ಗುರುತು ಹಿಡಿದ ಸಂಭ್ರಮಕ್ಕೆ ಓಣಿಗೆಲ್ಲ ಕೇಳುವಂತೆ ಕೂಗಿದ.

"ಏನ್ ಸ್ವಾಮೀ! ಹೆಣದ ಫೋಟೋದ ಸ್ವಾಮೀ! ಈ ಓಣ್ಯಾಗ ಯಾರು ಹೋದ್ರು? ಗುರುಬಸಮ್ಮಾರು ಗಟ್ಟಿ ಅದಾರಲ್ಲ!"

ಎರ್ರಿಸ್ವಾಮಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಗುರುಬಸಮ್ಮನ ಕಡೆ ತಿರುಗುವ ಧೈರ್ಯವಾಗಲಿಲ್ಲ. ಚೀಲ ಎತ್ತಿಕೊಂಡು, ರೊಟ್ಟಿಗೂ ನಿಲ್ಲದೆ, ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ಬಸ್ಸಿಗೆ ನಡೆದ.

ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಅಮಾವಾಸ್ಯೆಗೆ ಮೂರು ದಿನ ಉಳಿದಿತ್ತು, ಉಮ್ಮತ್ತಿ, ಅಂದರೆ ದತ್ತೂರಿ, ಒಂದೇ ಬಾಕಿ. ಉಮ್ಮತ್ತಿ ಎಲ್ಲಿ ಬೇಕಾದರೂ ಸಿಗುತ್ತದೆ, ಬಳ್ಳಾರಿಯ ರೈಲುಹಳಿಯ ಪಕ್ಕದಲ್ಲೇ ಬೇಕಾದಷ್ಟಿದೆ. ಅವನು ಹೋಗಿಯೂ ನೋಡಿದ. ಗಿಡದ ಮುಂದೆ ಕೂತ. ಕೈ ಏಳಲಿಲ್ಲ. ದೇವರ ಹನ್ನೊಂದು ಹೂವಿಗೆ ಮೈಲಿಗೆ ಮಾಡಿ ಬಂದೆ, ನಂಬಿ ರೊಟ್ಟಿ ಹಾಕಿದವಳಿಗೆ ಸುಳ್ಳು ಹೇಳಿದೆ ಎಂದು ಅವನ ಮನಸ್ಸು ಅವನನ್ನು ತಿನ್ನುತ್ತಿತ್ತು. ಪುಸ್ತಕದಲ್ಲಿ ಹೆಸರು ಬಂದರೂ ಏನು ಬಂತು ಎಂದು ಕೊಟ್ರಮ್ಮನ ಮುಂದೆ ಕಣ್ಣೀರು ಹಾಕಿದ. ಅವಳು, "ಹೋಗಿ ತಪ್ಪಾತು ಅನ್ರಿ. ಬೈದ್ರ ಬೈಸ್ಕೊಳ್ರಿ" ಅಂದಳು.

ಆ ದಿನ ಮಧ್ಯಾಹ್ನ ಹುಲುಗಪ್ಪ ಬ್ರೂಸ್‌ಪೇಟೆಗೆ ಚಹಾಪುಡಿ ಒಯ್ಯಲು ಬಂದವನು ಸ್ಟುಡಿಯೋದ ಮೆಟ್ಟಿಲ ಮೇಲೆ ನಿಂತು ತಲೆ ಕೆರೆದುಕೊಂಡ.

"ಗುರುಬಸಮ್ಮಾರು ನನಗ ಮಾರಿಗೆ ನೀರಿಳಿಯಂಗ ಬೈದ್ರು ಸ್ವಾಮಿ. ನಿಮಗ ಹೇಳು ಅಂದಾರ, ಎರಡು ದಿನದಿಂದ ಬಸವಣ್ಣಗ ಉಮ್ಮತ್ತಿ ಏರಿಸಿಲ್ಲಂತ. ಇಷ್ಟು ಹೇಳಿದ್ರ ಅವಗ ತಿಳಿತೈತಿ ಅಂದ್ರು. ನನಗೇನೂ ತಿಳೀಲಿಲ್ಲ."

ಎರ್ರಿಸ್ವಾಮಿಗೆ ತಿಳಿಯಿತು. ಆಕೆ ಆ ಗಿಡ ಅವನಿಗಾಗಿ ಉಳಿಸಿದ್ದಾಳೆ. ದೇವರನ್ನು ಕಾಯಿಸಿದ್ದಾಳೆ. ಅವನು ಸಂಜೆಯ ಬಸ್ಸು ಹತ್ತಿದ.

ಬೆಳಿಗ್ಗೆ ಗುರುಬಸಮ್ಮ ಉಮ್ಮತ್ತಿ ಗಿಡದ ಪಕ್ಕದಲ್ಲೇ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. ಎರ್ರಿಸ್ವಾಮಿ ದೂರದಲ್ಲೇ ನಿಂತ.

"ತಪ್ಪಾತು ಅವ್ವಾರ. ನಾ ಸುಳ್ಳು ಹೇಳಿದೆ. ಹುಲುಗಪ್ಪ ಅಂದಿದ್ದು ಖರೆ."

"ನಿನ್ನ ಗುರ್ತು ನನಗ ಮೊದಲನೇ ದಿನಾನ ಸಿಕ್ಕೈತಿ" ಎಂದಳು ಗುರುಬಸಮ್ಮ. "ಮಾರಿ ನೋಡಿ ಅಲ್ಲ. ಹನ್ನೊಂದು ವರ್ಷಾತು, ಮಾರಿ ಎಲ್ಲಿ ನೆನಪಿರ್ತೈತಿ? ಕಣಗಿಲಿ ಮ್ಯಾಲಿಂದ ಎರಡು ಬೆರಳಿಲೆ ಎಲಿ ತೆಗದಿ ನೋಡು, ಆವಾಗ. ಒಳಗ ಬಾ."

ಅವನನ್ನು ಹಿತ್ತಲ ಬಾಗಿಲಿಂದ ಪೂಜೆಯ ಕೋಣೆಗೆ ಕರೆದುಕೊಂಡು ಹೋದಳು. ಇಷ್ಟು ದಿನ ಅವನು ಮನೆಯೊಳಗೆ ಕಾಲಿಟ್ಟಿರಲಿಲ್ಲ. ದೀಪದ ಪಕ್ಕದಲ್ಲಿ, ಗೋಡೆಯ ಮೇಲೆ, ಮರದ ಚೌಕಟ್ಟಿನಲ್ಲಿ ಒಂದು ಫೋಟೋ. ಇಪ್ಪತ್ತರ ಹುಡುಗಿ. ಗೋಡೆಗೆ ಆನಿಸಿ ಕೂರಿಸಿದ್ದಾರೆ. ಹಣೆ ತುಂಬ ವಿಭೂತಿ, ಕುತ್ತಿಗೆಯ ತನಕ ಸೇವಂತಿ. ಬಾಗಿಲಿನ ಬೆಳಕು ಒಂದು ಕೆನ್ನೆಯ ಮೇಲೆ. ತನ್ನ ಕೆಲಸ ಅವನಿಗೆ ಗುರುತು ಸಿಗದೆ ಇರುತ್ತದೆಯೇ? ಮೂಲೆಯಲ್ಲಿ ಅವನ ಸ್ಟುಡಿಯೋದ ಮುದ್ರೆಯೂ ಇತ್ತು. ಆದರೆ ಆ ಮುಖ ನೆನಪಾಗಲಿಲ್ಲ. ಅಂಥ ಎಷ್ಟೋ ಮುಖ ಅವನು ನೋಡಿದ್ದ. ಅದಕ್ಕೇ ಅವನಿಗೆ ನಾಚಿಕೆಯಾಯಿತು.

"ಅಂಬಮ್ಮ, ನನ್ನ ಮಗಳು" ಎಂದಳು ಗುರುಬಸಮ್ಮ. "ಸಿರುಗುಪ್ಪಕ್ಕ ಕೊಟ್ಟಿದ್ವಿ. ಜ್ವರ ಬಂದು ನಾಕು ದಿನದಾಗ ಹೋದ್ಲು. ನಾ ಹೋಗಿ ಮುಟ್ಟೋ ಹೊತ್ತಿಗೆ ಎಲ್ಲಾ ಮುಗದಿತ್ತು. ಜನ ಎಲ್ಲಾ ಹೊತ್ತಾತು, ಲಗೂನ ತೆಗಿ ಅಂತ ನಿನ್ನ ಮ್ಯಾಲೆ ಒದರ್ತಿದ್ರು. ಅಕಿ ಕೆನ್ನಿಗೆ ಒಂದು ಸೇವಂತಿ ಎಸಳು ಅಂಟಿತ್ತು. ನೀ ತಡೀರಿ ಅಂದಿ. ಹೋಗಿ ಅದನ್ನ ಎರಡು ಬೆರಳಿಲೆ ತೆಗದಿ. ಎಬ್ಬಿಸಿಬಿಟ್ಟೇನು ಅಂತ ಅಂಜಿದಂಗ ತೆಗದಿ, ತಮ್ಮಾ. ಕೆಳಗ ಒಗೀಲಿಲ್ಲ. ಅಕಿ ಅಂಗೈಯಾಗ ಇಟ್ಟಿ."

ಎರ್ರಿಸ್ವಾಮಿ ಫೋಟೋ ನೋಡಿದ. ಹೌದು. ಹೂವಿನ ರಾಶಿಯಿಂದ ಹೊರಗೆ ಚಾಚಿದ್ದ ಅಂಗೈಯಲ್ಲಿ ಒಂದು ಎಸಳಿತ್ತು.

"ಹನ್ನೊಂದು ವರ್ಷದಿಂದ ಬೆಳಿಗ್ಗೆ ಎದ್ದು ನಾ ಅಕಿ ಮಾರಿ ನೋಡ್ತೀನಂದ್ರ ಅದು ನಿನ್ನಿಂದ. ಬಸವಣ್ಣಗ ಬುಟ್ಟಿ ಹೋಗೋಕಿಂತ ಮೊದಲು ಒಂದು ಹೂವು ಇಲ್ಲಿಗಿಡ್ತೀನಿ. ಆ ಕೈ ನನ್ನ ಹೂವಿಗೆ ಮೈಲಿಗಿ ಮಾಡ್ತೈತೇನು? ಲಿಂಗ ಕಟ್ಟಿದ ನಮ್ಮಾಗ ಸಾವಿಗೆ ಮೈಲಿಗಿ ಎಲ್ಲೈತಪ್ಪಾ? ಬಾಯಿಲೆ ಎಲ್ಲಾರೂ ಹೇಳ್ತಾರ ಇಲ್ಲಂತ. ಆಮ್ಯಾಲೆ ನಿನ್ನ ಮದಿವಿಗೆ ಕರಿಯಂಗಿಲ್ಲ, ಅಲ್ಲೇನು?"

ಅವನು ಅತ್ತುಬಿಟ್ಟ. ಇಷ್ಟು ವರ್ಷ ಯಾವ ಕೆಲಸವನ್ನು ಬಚ್ಚಿಡಲು ಒದ್ದಾಡಿದನೋ ಆ ಕೆಲಸ ಈ ಮನೆಯಲ್ಲಿ ದೀಪದ ಪಕ್ಕ ಕೂತಿತ್ತು. ಗುರುಬಸಮ್ಮನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಗದರಿದಳು. "ಆತು ಏಳು. ಬೇವಿನ ತುದಿ ನಿಂತೈತಿ. ನೀ ಅಳ್ಕೊಂತ ಕುಂತ್ರ ಸೂರ್ಯ ಬರ್ತಾನ."

ಉಮ್ಮತ್ತಿಯ ಮುಂದೆ ಕೂತಾಗ ಅವನ ಕಣ್ಣು ಇನ್ನೂ ಒದ್ದೆಯಿತ್ತು. ಉಸಿರು ಮಾತ್ರ ಚೆನ್ನಾಗಿ ನಿಂತಿತು.

ಬಳ್ಳಾರಿಯ ಕತ್ತಲೆ ಕೋಣೆಯಲ್ಲಿ ತಟ್ಟೆಯ ನೀರಿನೊಳಗೆ ಹನ್ನೆರಡು ಹೂವು ಒಂದೊಂದಾಗಿ ಎದ್ದು ಬಂದವು. ತುಂಬೆಯ ಎಸಳಿನ ಅಂಚು, ಎಕ್ಕದ ಕಿರೀಟ, ಕಪ್ಪು ಗೋಡೆಯ ಮುಂದಿನ ನಂದಿಬಟ್ಟಲು. ಕಣಗಿಲೆಯ ಮೇಲಿನ ಇಬ್ಬನಿಯನ್ನು ಎಣಿಸಬಹುದಾಗಿತ್ತು. ಕೊಟ್ಟೂರಪ್ಪ ಮೇಷ್ಟ್ರು ಅವನ್ನು ಕಿಟಕಿಯ ಬೆಳಕಿಗೆ ಒಯ್ದು ಒಂದೊಂದನ್ನೂ ಎರಡೆರಡು ಸಲ ನೋಡಿದರು. ಕೊನೆಗೆ, "ಹೆಸರು ಹೆಂಗ ಹಾಕಸ್ಲಿ ಹೇಳ್ರಿ" ಎಂದರು.

ಎರ್ರಿಸ್ವಾಮಿ ಮೊದಲೇ ಯೋಚಿಸಿಟ್ಟುಕೊಂಡಿದ್ದ. "ನನ್ನ ಹೆಸರಿನ ಮ್ಯಾಲೆ ಇನ್ನೊಂದು ಹೆಸರು ಹಾಕಸ್ರಿ ಸಾರ್."

ಯುಗಾದಿಯ ಮುಂದೆ ಪುಸ್ತಕ ಬಂತು. ಅವನು ಅದನ್ನು ಎದೆಗೆ ಅವಚಿಕೊಂಡು, ಮೇಷ್ಟ್ರ ಕ್ಯಾಮೆರಾವನ್ನೂ ಕೇಳಿ ಪಡೆದು, ಕುರುಗೋಡಿಗೆ ಹೋದ, ಸಂಜೆಯ ಬಸ್ಸಿಗೇ, ಬೆಳಿಗ್ಗೆಯ ಬೆಳಕು ತಪ್ಪಬಾರದೆಂದು. ಹಿತ್ತಲಲ್ಲಿ ಕೂತು ಗುರುಬಸಮ್ಮನಿಗೆ ಒಳಗಿನ ಪುಟ ಓದಿ ಹೇಳಿದ. 'ಹೂಗಳನ್ನು ಬೆಳೆಸಿ ಕಾದವರು: ಗುರುಬಸಮ್ಮ, ಕುರುಗೋಡು. ಚಿತ್ರಗಳು: ಎರ್ರಿಸ್ವಾಮಿ, ಬಳ್ಳಾರಿ.'

"ಇನ್ನ ಮದಿವಿಗೆ ಕರೀತಾರೇನು?" ಎಂದು ಕೇಳಿದಳು.

"ಮೊನ್ನೆ ಒಬ್ರು ಕೌಲ್‌ಬಜಾರಿನಿಂದ ಬಂದಿದ್ರು ಅವ್ವಾರ. ಅವ್ರ ತಂದಿ ತೀರಿಕೆಂಡಿದ್ರು. ಹೋಗಿದ್ದೆ." ಅವನು ನಕ್ಕ. "ಈಗ ಅಂಥಾದಕ್ಕ ಕರದ್ರ ಬ್ಯಾಸರ ಆಗಂಗಿಲ್ರಿ."

ಆಕೆ ಪುಸ್ತಕದ ಮೇಲೆ ಒಮ್ಮೆ ಕೈಯಾಡಿಸಿದಳು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು ಕಣಗಿಲೆ ಗಿಡದ ಪಕ್ಕ ಹೋಗಿ ಕಲ್ಲಿನ ಮೇಲೆ ಕೂತಳು.

"ನಂದೂ ಒಂದು ತೆಗಿ. ಹೋದ ಮ್ಯಾಲೆ ತೆಗಿಯಾಕ ನೀ ಬಂದಾ ಬರ್ತಿ, ಅದು ಗೊತ್ತೈತಿ. ಅದಕ್ಕಿಂತ ಮೊದಲು ಒಂದಿರಲಿ."

ಎರ್ರಿಸ್ವಾಮಿ ಕ್ಯಾಮೆರಾ ತೆಗೆದು ಕುಕ್ಕರುಗಾಲಲ್ಲಿ ಕೂತ. ಮೊಣಕೈ ಮೊಣಕಾಲಿಗೆ ಊರಿದ. ಕಿಟಕಿಯಲ್ಲಿ ನೋಡಿದರೆ ಗುರುಬಸಮ್ಮ ಗೋಡೆಗೆ ಆನಿದವಳಂತೆ ನೆಟ್ಟಗೆ ಕೂತು, ಬಾಯಿ ಬಿಗಿಹಿಡಿದು, ಅಳ್ಳಾಡದೆ ಅವನನ್ನೇ ನೋಡುತ್ತಿದ್ದಳು. ಗುಡ್ಡದ ಅಂಚು ಕೆಂಪಾಗಿತ್ತು, ಬೇವಿನ ತುದಿ ನಿಂತಿತ್ತು.

"ಅವ್ವಾರ," ಅಂದ, "ನೀವು ಉಸಿರಾಡ್ರಿ. ನಾ ಹಿಡಿದೀನಿ."